ಗಣಿ ದೂಳಿಗೆ ಲೆಕ್ಕವಿತ್ತು, ಮನೆ ಹೊಗೆಗೆ?

ಕೆಜಿಎಫ್‌ನಲ್ಲಿ ಯಾರಾದರೂ ಕೆಮ್ಮಿದರೆ ಮೊದಲು ಬೈಸಿಕೊಳ್ಳುವುದು ಗಣಿ. ಅದರಲ್ಲಿ ತಪ್ಪೇನಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಬಿಜಿಎಂಎಲ್ ಬಾಗಿಲು ಮುಚ್ಚುವವರೆಗೆ ಇಲ್ಲಿನ ಗಂಡಸರು ಕಲ್ಲಿನ ದೂಳು ಕುಡಿದೇ ಬದುಕಿದರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕೊರೆದವರ ಶ್ವಾಸಕೋಶದಲ್ಲಿ ಆ ದೂಳು ಕೂತು ಸಿಲಿಕೋಸಿಸ್ ಆಗುತ್ತಿತ್ತು. 1940ರಲ್ಲಿ ಮೈಸೂರು ಸಂಸ್ಥಾನ ಈ ಕಾಯಿಲೆಗೆ ಪರಿಹಾರ ಕೊಡುವ ನಿಯಮ ತಂದಿತು. ಆ ದಶಕದಲ್ಲೇ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಸಿಕ್ಕಿತು. ಎಕ್ಸ್‌ರೇ, ಡಾಕ್ಟರ ಸರ್ಟಿಫಿಕೇಟು, ಯೂನಿಯನ್ನಿನ ಅರ್ಜಿ ಎಲ್ಲ ಸೇರಿ ದೂಳಿಗೊಂದು ಕಾಗದಪತ್ರದ ಇತಿಹಾಸವಾಯಿತು.

ಗಣಿ ನಿಂತ ಮೇಲೂ ಬೈಯಲು ಸೈನೈಡ್ ದಿಬ್ಬಗಳಿವೆ. ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿ ಅಲ್ಲಿ ಬಿದ್ದಿದೆ. ಗಾಳಿ ಎದ್ದ ದಿನ ಮಗುವಿಗೆ ಗೂರಲು ಬಂದರೆ ಅಜ್ಜಿ ಕೈ ತೋರಿಸುವುದು ಆ ಕಡೆಗೇ. ಅದೇ ಮನೆಯಲ್ಲಿ ಉರಿಯುವ ಬೀಡಿಯ ಕಡೆಗೆ ಕೈ ಹೋಗುವುದಿಲ್ಲ.

ಇದನ್ನು ಲೋಕವೇ ತಡವಾಗಿ ಕಂಡುಕೊಂಡಿತು ಅನ್ನಿ. 1974ರಲ್ಲಿ ಲಂಡನ್ ಪಕ್ಕದ ಹ್ಯಾರೋದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೂಸುಗಳನ್ನು ಗಮನಿಸಿದ ಕಾಲಿ ಮತ್ತು ಸಂಗಡಿಗರು, ಅಪ್ಪ ಅಮ್ಮ ಇಬ್ಬರೂ ಸೇದುವ ಮನೆಯಲ್ಲಿ ಮೊದಲ ವರ್ಷ ನ್ಯುಮೋನಿಯಾ, ಬ್ರಾಂಕೈಟಿಸ್ ಸುಮಾರು ಎರಡು ಪಟ್ಟು ಹೆಚ್ಚು ಎಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಹೆತ್ತವರ ಕಫಕ್ಕೂ ಮಗುವಿನ ಎದೆ ಕಾಯಿಲೆಗೂ ನಂಟಿದೆ ಎಂದೂ ಅವರು ತೋರಿಸಿದರು. ಕಫ ಉಗುಳುವ ಅಪ್ಪಂದಿರ ಊರಿನವರಾದ ನಮಗೆ ಈ ಮಾತು ಸುಮ್ಮನೆ ದಾಟಿ ಹೋಗುವಂಥದ್ದಲ್ಲ. 1986ರಲ್ಲಿ ಅಮೆರಿಕದ ಸರ್ಜನ್ ಜನರಲ್ ಸಿ. ಎವರೆಟ್ ಕೂಪ್, ಬೇರೆಯವರು ಸೇದಿದ ಹೊಗೆಯೂ ಕಾಯಿಲೆ ತರುತ್ತದೆ ಎಂಬ ವರದಿ ಹೊರಡಿಸಿದರು. ಅವರು ಮೂಲತಃ ಮಕ್ಕಳ ಸರ್ಜನ್.

ನಮ್ಮಲ್ಲಿ ಕೆಲಸ ಮಾಡಿದ್ದು ಕೋರ್ಟು. 1999ರಲ್ಲಿ ಕೇರಳ ಹೈಕೋರ್ಟ್, 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, 2003ರಲ್ಲಿ ಕೋಟ್ಪಾ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಬಿಗಿ ನಿಯಮ. ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ ಸೇದಿದರೆ ದಂಡ ಹಾಕಬಹುದು. ಮನೆಯ ಹೊಸ್ತಿಲು ದಾಟಿದರೆ ಕಾನೂನಿಲ್ಲ. ಮನೆಯಲ್ಲಿ ಹೊಗೆಗೆ ಸಿಕ್ಕುವ ದೊಡ್ಡವರು 2009–10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 52.3 ಇದ್ದರು, 2016–17ರಲ್ಲಿ ಶೇ. 38.7ಕ್ಕೆ ಇಳಿದರು. ಇಳಿದದ್ದು ಸಂತೋಷವೇ. ಆದರೆ ಇದು 15 ತುಂಬಿದವರ ಲೆಕ್ಕ, ತೊಟ್ಟಿಲಲ್ಲಿರುವವರನ್ನು ಅದು ಕೇಳುವುದಿಲ್ಲ.

ಪೊಲೀಸರು ಹೋಗಲಾಗದ ಆ ಮನೆಯೊಳಗಿನ ವಿಷಯ ಕೇಳುವ ಹಕ್ಕು ಮಕ್ಕಳ ಡಾಕ್ಟರಿಗಿದೆ. ಇಪ್ಪತ್ತೆಂಟರ ಗಟ್ಟಿಮುಟ್ಟಾದ ಅಪ್ಪ ತನಗಾಗಿ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ, ಮಗುವಿಗಾಗಿ ಹತ್ತುತ್ತಾನೆ. ಅಮೆರಿಕದಲ್ಲಿ ಡಾ. ಜೊನಾಥನ್ ವಿನಿಕಾಫ್ ಮತ್ತಿತರರು 'ಸೀಸ್' ಎಂಬ ತರಬೇತಿ ಕಟ್ಟಿದ್ದು ಇದೇ ಎಳೆ ಹಿಡಿದು: ಪ್ರತಿ ಭೇಟಿಯಲ್ಲೂ ಕೇಳು, ಬಿಡಲು ನೆರವಾಗು, ಬಿಡಿಸುವವರ ಹತ್ತಿರ ಕಳಿಸು. ಕೇರಳದಲ್ಲಿ ಕ್ವಿಟ್ ಟೊಬ್ಯಾಕೊ ಯೋಜನೆಯವರು ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದಲ್ಲದೆ, ಹಳ್ಳಿ ಹೆಂಗಸರನ್ನು ಕೂಡಿಸಿ ಹೊಗೆ ಇಲ್ಲದ ಮನೆಗಳನ್ನು ಮಾಡಲು ಹೊರಟರು. ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜೂ ಆ ಯೋಜನೆಯಲ್ಲಿತ್ತು.

ಆ ಪಾಠವನ್ನು ಹಾಗೇ ತಂದರೆ ಇಲ್ಲಿ ನಡೆಯುವುದಿಲ್ಲ ಎಂಬುದು ನಮ್ಮ ಅನಿಸಿಕೆ. 'ಹೊರಗೆ ಹೋಗಿ ಸೇದಿ' ಅನ್ನುವುದು ಅಂಗಳವಿದ್ದವರಿಗೆ ಹೇಳುವ ಮಾತು. ಗಣಿ ಲೈನ್‌ಗಳಲ್ಲಿ ಒಂದೇ ಕೋಣೆ, ಅದರ ಮುಂದೆ ಓಣಿ, ಓಣಿಯಾಚೆ ಇನ್ನೊಬ್ಬರ ಬಾಗಿಲು, ಆ ಬಾಗಿಲೊಳಗೂ ಒಂದು ಮಗು. ಹೊರಗೆ ಸೇದಿ ಬಂದು ಮಗುವನ್ನೆತ್ತಿಕೊಂಡರೂ ಬಟ್ಟೆಗೆ, ಕೂದಲಿಗೆ ಅಂಟಿದ ವಿಷ ಜೊತೆಗೇ ಬರುತ್ತದೆ. ಹಾಗಾಗಿ ಇಲ್ಲಿನ ಡಾಕ್ಟರು ಜಾಗ ಬದಲಿಸುವ ಮಾತಿಗಿಂತ ಬಿಡುವ ಮಾತನ್ನೇ ಆಡಬೇಕಾಗುತ್ತದೆ, ಅದೂ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ.

ಇನ್ನೊಂದು ತೊಡಕು ರೈಲು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಸಾವಿರಾರು ಜನ ಬೆಳಕು ಹರಿಯುವ ಮೊದಲೇ ಬೆಂಗಳೂರಿಗೆ ಹೊರಡುತ್ತಾರೆ, ರಾತ್ರಿ ತಿರುಗಿ ಬರುತ್ತಾರೆ. ವಾರದ ದಿನ ಮಗುವನ್ನು ಡಾಕ್ಟರ ಹತ್ತಿರ ಕರೆತರುವುದು ತಾಯಿ, ಪಕ್ಕದಲ್ಲಿ ಅತ್ತೆ. 'ಮನೆಯಲ್ಲಿ ಯಾರಾದರೂ ಸೇದ್ತಾರೇನಮ್ಮ?' ಅಂದರೆ ಅತ್ತೆಯ ಎದುರು ಸೊಸೆ ಏನೆಂದಾಳು? 'ಇಲ್ಲ ಸಾರ್' ಅಂತಾಳೆ. ಡಾಕ್ಟರು ನೆಬ್ಯುಲೈಸರ್ ಹಾಕಿ ಕಳಿಸುತ್ತಾರೆ. ತರಬೇತಿ ಬೇಕಿರುವುದು ಈ ಒಂದು ಪ್ರಶ್ನೆಗೇ: ಯಾರನ್ನು, ಯಾವಾಗ, ಯಾರಿಲ್ಲದಾಗ ಕೇಳಬೇಕು, 'ಹೌದು' ಅಂದವಳಿಗೆ ಮನೆಯಲ್ಲಿ ಜಗಳವಾಗದಂತೆ ಏನು ಹೇಳಿ ಕಳಿಸಬೇಕು.

ಹಣ ಬೇಡುವ ಕೆಲಸವಲ್ಲ ಇದು. 1800-11-2356 ಎಂಬ ಉಚಿತ ಸಹಾಯವಾಣಿ 2016ರಿಂದ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಕ್ಷಿಣದ ಭಾಷೆಗಳಲ್ಲಿ ಮಾತಾಡುವವರೂ ಇದ್ದಾರೆ. ಆ ನಂಬರನ್ನು ಔಷಧಿ ಚೀಟಿಯ ಕೆಳಗೆ ಬರೆದರೆ ರಾತ್ರಿ ಅಪ್ಪನ ಕೈಗೆ ತಲುಪುತ್ತದೆ. ಸಿರಪ್ ಎಷ್ಟು ಚಮಚ ಅಂತ ನೋಡಲಾದರೂ ಅವನು ಆ ಚೀಟಿ ಬಿಡಿಸುತ್ತಾನೆ.