ಕೆನೆಟ್–ಏವನ್: ಹೂಳಿನಿಂದ ಎದ್ದ ಕಾಲುವೆ

ಇಂಗ್ಲೆಂಡಿನ ಕೆನೆಟ್ ಮತ್ತು ಏವನ್ ಜಲಮಾರ್ಗ ಪಶ್ಚಿಮದ ಬ್ರಿಸ್ಟಲ್‌ನಿಂದ ಥೇಮ್ಸ್ ದಂಡೆಯ ರೆಡಿಂಗ್‌ವರೆಗೆ ಸುಮಾರು 140 ಕಿಲೋಮೀಟರ್ ಸಾಗುತ್ತದೆ. ಇದರ ಎರಡೂ ತುದಿಗಳಲ್ಲಿರುವುದು ದೋಣಿ ಸಂಚಾರಕ್ಕೆ ಹದಗೊಳಿಸಿದ ನದಿಗಳು. ಬಾತ್ ಮತ್ತು ನ್ಯೂಬರಿ ನಡುವಿನ ಕಾಲುವೆಗೆ ಸಂಸತ್ತು 1794ರಲ್ಲಿ ಒಪ್ಪಿಗೆ ಕೊಟ್ಟಿತು. ಎಂಜಿನಿಯರ್ ಜಾನ್ ರೆನಿ ಅದನ್ನು 1810ರಲ್ಲಿ ಮುಗಿಸಿದರು.

ಡಿವೈಜಸ್ ಪಟ್ಟಣದ ಬಳಿಯ ಏರು ಅವರಿಗೆ ಕಠಿಣ ಸವಾಲಾಗಿತ್ತು. ಅಲ್ಲಿ ಮೂರೇ ಕಿಲೋಮೀಟರಿನಲ್ಲಿ ಕಾಲುವೆ 72 ಮೀಟರ್ ಏರಬೇಕು. ಅದಕ್ಕಾಗಿ ಕಟ್ಟಿದ್ದು 29 ಲಾಕ್‌ಗಳು, ಅಂದರೆ ಎರಡೂ ತುದಿಗೆ ಗೇಟುಗಳಿರುವ ನೀರಿನ ತೊಟ್ಟಿಗಳು. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಗೇಟು ಮುಚ್ಚಿ ಮೇಲಿನ ತೂಬು ಎತ್ತಿದರೆ ನೀರು ತುಂಬಿ ದೋಣಿ ಮೇಲೇರುತ್ತದೆ. ಕೇನ್ ಹಿಲ್‌ನ ಕಡಿದಾದ ಇಳಿಜಾರಿನಲ್ಲಿ 16 ಲಾಕ್‌ಗಳು ಒತ್ತೊತ್ತಾಗಿವೆ. ನಡುವೆ ನೀರು ನಿಲ್ಲಲು ಜಾಗವಿಲ್ಲದ ಕಾರಣ ರೆನಿ ಪಕ್ಕದಲ್ಲೇ ಅಗಲವಾದ ಕೊಳಗಳನ್ನು ತೋಡಿಸಿದರು. ಬುದ್ಧಿವಂತಿಕೆಯ ಪರಿಹಾರವಿದು.

ಆದರೆ ಒಂದೊಂದು ದೋಣಿ ದಾಟಿದಾಗಲೂ ಒಂದು ಲಾಕಿನಷ್ಟು ನೀರು ಕೆಳಗೆ ಇಳಿದುಹೋಗುತ್ತದೆ. ಕಾಲುವೆಯ ನೆತ್ತಿಗೆ ನೀರೊದಗಿಸಲು ಕ್ರಾಫ್ಟನ್‌ನಲ್ಲಿ ಉಗಿ ಪಂಪುಗಳು ಬಂದವು. ಅಲ್ಲಿನ 1812ರ ಬೋಲ್ಟನ್ ಮತ್ತು ವಾಟ್ ಯಂತ್ರ ಇಂದಿಗೂ ಉಗಿಯಿಂದ ನೀರೆತ್ತಬಲ್ಲದು.

ಕಲ್ಲಿದ್ದಲು, ಕಲ್ಲು, ಧಾನ್ಯ ಹೊತ್ತ ದೋಣಿಗಳ ಕಾಲ ಬಹಳ ದಿನ ನಡೆಯಲಿಲ್ಲ. 1841ರಲ್ಲಿ ಲಂಡನ್–ಬ್ರಿಸ್ಟಲ್ ರೈಲು ಓಡಿತು. 1852ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾಲುವೆಯನ್ನೇ ಕೊಂಡುಕೊಂಡಿತು. ಪ್ರತಿಸ್ಪರ್ಧಿಯ ಕೈಸೇರಿದ ಕಾಲುವೆ ಸೊರಗಿದ್ದು ಸಹಜ. 1950ರ ದಶಕದ ಹೊತ್ತಿಗೆ ಲಾಕ್‌ಗಳಲ್ಲಿ ಗೇಟುಗಳು ಕೊಳೆತು ಹೂಳು ತುಂಬಿತ್ತು.

ಕಾಲುವೆಯನ್ನು ಪೂರ್ತಿ ಕೈಬಿಡುವ ಪ್ರಸ್ತಾಪ ಬಂದಾಗ ಜನ ಎದ್ದು ನಿಂತರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿಯನ್ನು 1956ರಲ್ಲಿ ನೀರಿನ ಹಾದಿಯಲ್ಲೇ ಲಂಡನ್‌ಗೆ ಒಯ್ದರು. ಮುಂದಿನ ದಶಕಗಳಲ್ಲಿ ಸ್ವಯಂಸೇವಕರು ಹೂಳೆತ್ತಿದರು, ಲಾಕ್‌ಗಳನ್ನು ಮತ್ತೆ ಕಟ್ಟಿದರು. ಬಾತ್ ಸಮೀಪ ಪದೇ ಪದೇ ಸೋರುತ್ತಿದ್ದ ತಳಕ್ಕೆ ಕಾಂಕ್ರೀಟ್ ಬಿತ್ತು. ಸರಕು ಸಾಗಣೆಯ ಲಾಭ ಕಾಣದಿದ್ದರೂ ಕಾಲುವೆಗಾಗಿ ಬೆವರು ಸುರಿಸಿದ ಈ ಜನರ ನಿಷ್ಠೆ ದೊಡ್ಡದು. 1990ರ ಆಗಸ್ಟ್ 8ರಂದು ರಾಣಿ ಎರಡನೇ ಎಲಿಜಬೆತ್ ಕಾಲುವೆಯನ್ನು ಮತ್ತೆ ಉದ್ಘಾಟಿಸಿದರು.

ಈಗ ಇಲ್ಲಿ ಓಡಾಡುವುದು ಹೆಚ್ಚಾಗಿ ರಜೆಯ ದೋಣಿಗಳು. ತೂಬು ತಿರುಗಿಸುವ ಹಿಡಿಯನ್ನು ಪ್ರವಾಸಿಗರೇ ಹಿಡಿಯುತ್ತಾರೆ, ಭಾರದ ಗೇಟುಗಳನ್ನು ಬೆನ್ನು ಕೊಟ್ಟು ತಳ್ಳುತ್ತಾರೆ. ಡಿವೈಜಸ್ ಏರು ಹತ್ತಲು ಅರ್ಧ ದಿನ ಬೇಕು. ಕುದುರೆಗಳು ದೋಣಿ ಎಳೆಯುತ್ತಿದ್ದ ದಡದ ಹಾದಿಯಲ್ಲಿ ಸೈಕಲ್ ಸವಾರರು, ನಡಿಗೆಯವರು. ಡಿವೈಜಸ್‌ನಿಂದ ವೆಸ್ಟ್‌ಮಿನ್ಸ್ಟರ್‌ಗೆ 201 ಕಿಲೋಮೀಟರಿನ ಕನೂ ಸ್ಪರ್ಧೆ ಈಸ್ಟರ್ ವೇಳೆ ನಡೆಯುತ್ತದೆ. ಇದು ಶುರುವಾದದ್ದು 1948ರಲ್ಲಿ. ನೀರಿನ ಕೊರತೆಗೆ 1996ರಲ್ಲಿ ಕೇನ್ ಹಿಲ್ ಬುಡದಲ್ಲಿ ವಿದ್ಯುತ್ ಪಂಪು ಕೂರಿಸಿ, ಇಳಿದ ನೀರನ್ನು ಮರಳಿ ಮೇಲಕ್ಕೆ ಕಳಿಸುವ ವ್ಯವಸ್ಥೆ ಮಾಡಲಾಗಿದೆ.