ಗಣಿ ಮುಚ್ಚಿದ ಮೇಲೆ ನೆಲದ ಋಣ ಯಾರದು?

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲೂಕುಗಳ ಬದುಕು ಎರಡು ನದಿಗಳನ್ನು ನೆಚ್ಚಿಕೊಂಡಿದೆ. ತುಂಗೆ ಶೃಂಗೇರಿ, ಹರಿಹರಪುರಗಳನ್ನು ಹಾದು ಹೋಗುತ್ತದೆ. ಭದ್ರೆ ಬಾಳೆಹೊನ್ನೂರನ್ನು ದಾಟಿ, ನರಸಿಂಹರಾಜಪುರದ ಬಳಿ ಲಕ್ಕವಳ್ಳಿ ಅಣೆಕಟ್ಟೆಯ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಎರಡಕ್ಕೂ ತವರು ಕುದುರೆಮುಖ ಶ್ರೇಣಿಯ ಗಂಗಾಮೂಲ. ಅದೇ ಶ್ರೇಣಿಯಲ್ಲಿ ಕಾಲು ಶತಮಾನ ಕಬ್ಬಿಣದ ಅದಿರಿನ ಗಣಿ ನಡೆಯಿತು.

ಇರಾನಿನ ಶಾಹನ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿದ ಮೇಲೆ, 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. 1979ರ ಕ್ರಾಂತಿಯಲ್ಲಿ ಶಾಹನ ಆಡಳಿತ ಉರುಳಿತು. ನೆರವು ನಡುವೆಯೇ ನಿಂತಿತು. ಉಳಿದ ಖರ್ಚನ್ನು ಭಾರತ ಸರ್ಕಾರವೇ ಹೊತ್ತಿತು. ಬೆಟ್ಟದಲ್ಲಿ ಅರೆದ ಅದಿರು ಕೊಳವೆಯಲ್ಲಿ ಸುಮಾರು 67 ಕಿ.ಮೀ. ಹರಿದು ಮಂಗಳೂರು ಸೇರಿತು. ಅರೆದುಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ಬೆಟ್ಟದಲ್ಲೇ ಉಳಿಯಿತು.

ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಜಾಗವದು. ಅಗೆದ ಮಣ್ಣು ಹೂಳಾಗಿ ಭದ್ರೆಗೆ ಇಳಿಯುತ್ತಿದೆ ಎಂಬುದು ಗಣಿ ವಿರೋಧಿಗಳ ಮುಖ್ಯ ದೂರಾಗಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2005ರ ಕೊನೆಯ ದಿನ ಗಣಿ ನಿಂತಿತು. ಕಾಡು ಗೆದ್ದಿತು, ನಿಜ. ಆದರೆ ಸೀಳಿದ ಬೆಟ್ಟವನ್ನು ಸರಿಪಡಿಸಲು, ಕೆಲಸ ಕಳಕೊಂಡ ಊರನ್ನು ನಿಲ್ಲಿಸಲು ಹಣ ಯಾರು ಕೊಡಬೇಕು?

ಅಮೆರಿಕ ಈ ಪ್ರಶ್ನೆಗೆ 1977ರಲ್ಲೇ ಕಾನೂನಿನ ಉತ್ತರ ಕೊಟ್ಟಿತ್ತು. ನಡೆಯುತ್ತಿರುವ ಕಲ್ಲಿದ್ದಲು ಗಣಿಗಳಿಂದ ಟನ್ನಿಗಿಷ್ಟು ಎಂದು ಶುಲ್ಕ ಎತ್ತಿ, ಹಿಂದಿನವರು ಬಿಟ್ಟುಹೋದ ಗಣಿಗಳನ್ನು ಸರಿಪಡಿಸುವ ನಿಧಿ ಮಾಡಿತು. 2016ರಿಂದ ಅಂಥ ನೆಲದಲ್ಲಿ ಸ್ಥಳೀಯ ಉದ್ಯೋಗ ಬೆಳೆಸಲೂ ಸರ್ಕಾರ ಹಣ ನೀಡತೊಡಗಿತು.

ನಮ್ಮಲ್ಲಿ ಗಣಿ ಮುಚ್ಚುವ ಯೋಜನೆ, ಅದಕ್ಕೆ ಹಣದ ಖಾತರಿ ಕಡ್ಡಾಯವಾದದ್ದು 2003ರಲ್ಲಿ. ದೊಡ್ಡ ಗಣಿಗಳಿಗೆ ಗೊತ್ತುಮಾಡಿದ ಖಾತರಿ ಹೆಕ್ಟೇರಿಗೆ 25,000 ರೂಪಾಯಿ. ಕುದುರೆಮುಖಕ್ಕೆ ಆಗ ಉಳಿದಿದ್ದುದು ಮೂರು ವರ್ಷಕ್ಕಿಂತ ಕಡಿಮೆ ಆಯುಷ್ಯ. 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಅವಕ್ಕೆ ಹಣ ಬರುವುದು ನಡೆಯುತ್ತಿರುವ ಗಣಿಗಳ ರಾಜಧನದ ಲೆಕ್ಕದ ಮೇಲೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟಿನ ಆದೇಶದಿಂದ ಸಾವಿರಾರು ಕೋಟಿ ರೂಪಾಯಿ ಕೂಡಿತು, 2014ರಲ್ಲಿ ಅದಕ್ಕೊಂದು ನಿಗಮವೂ ಹುಟ್ಟಿತು. ಹತ್ತು ವರ್ಷ ಮೊದಲೇ ಉಸಿರು ನಿಂತ ಕುದುರೆಮುಖ ಪ್ರತಿಷ್ಠಾನಕ್ಕೆ ಪಾಲು ಕೊಡಲಿಲ್ಲ, ನಿಗಮದ ಮೂರು ಜಿಲ್ಲೆಗಳಲ್ಲೂ ಸೇರಲಿಲ್ಲ.

ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ‘ಇಹ್ಯಾ ಅಲ್ ಮವಾತ್’ ಎಂಬ ಪರಿಕಲ್ಪನೆಯಿದೆ: ಸತ್ತ ನೆಲಕ್ಕೆ ಜೀವ ಕೊಡುವುದು. ಪಾಳು ಭೂಮಿಯನ್ನು ಹಸನು ಮಾಡಿದವನಿಗೆ ಅದರ ಮೇಲೆ ಹಕ್ಕು ಹುಟ್ಟುತ್ತದೆ ಎಂಬುದು ಅದರ ತಿರುಳು. ಜೀವ ಕೊಟ್ಟವನಿಗೆ ಹಕ್ಕು ಇರುವುದಾದರೆ, ಜೀವ ತೆಗೆದವನಿಗೆ ಹೊಣೆಯೂ ಇರಬೇಕಲ್ಲವೇ?

ಕುದುರೆಮುಖದ ಗಣಿ ಸರ್ಕಾರದ್ದೇ ಆಗಿತ್ತು, ಲಾಭ ಬೊಕ್ಕಸಕ್ಕೇ ಹೋಯಿತು. ಆದ್ದರಿಂದ ಅಣೆಕಟ್ಟೆಯ ಕಾವಲು, ಹೂಳು ತಡೆ, ಸ್ಥಳೀಯ ಜಾತಿಯ ಗಿಡ ನೆಡುವ ಕೆಲಸಕ್ಕೆ ಸಾರ್ವಜನಿಕ ಹಣ ಕೇಳುವುದು ಭಿಕ್ಷೆಯಲ್ಲ, ಹಳೆಯ ಬಾಕಿಯ ವಸೂಲಿ. ಆ ಕೆಲಸದ ಕೂಲಿ ಮೊದಲು ಸಿಗಬೇಕಾದದ್ದು ಸುತ್ತಲಿನ ಹಳ್ಳಿಗಳ ಕೈಗಳಿಗೆ. ಲೆಕ್ಕ ಬರೆಯುವಾಗ ಭದ್ರೆಯ ಕೆಳದಂಡೆಯ ಬಾಳೆಹೊನ್ನೂರು, ನರಸಿಂಹರಾಜಪುರಗಳನ್ನೂ ಸೇರಿಸಿಕೊಳ್ಳಬೇಕು.