ಗಜೇಂದ್ರಗಡದ ಗುಡ್ಡಗಾಡು: ಗಡಿಯ ಇತಿಹಾಸ

ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನಿಂದ ಕೊಪ್ಪಳ ಜಿಲ್ಲೆಯ ಕುಷ್ಟಗಿ ಸೀಮೆಯವರೆಗೆ ಹಬ್ಬಿರುವ ಕಲ್ಲುಗುಡ್ಡ, ಕುರುಚಲು ಕಾಡುಗಳ ಪ್ರದೇಶ. ಲಕ್ಕಲಕಟ್ಟಿ, ಕಾಲಕಾಲೇಶ್ವರ, ರಾಜೂರು ಈ ಭಾಗದ ಊರುಗಳು. ಕಾರೆ, ಜಾಲಿ, ಬಂದರಿಕೆ ಇಲ್ಲಿಯ ಮುಖ್ಯ ಗಿಡಗಳು. ತೋಳ, ನರಿ, ನವಿಲುಗಳಿವೆ. ಮಲೆನಾಡಿನವರು ಇದನ್ನು ಕಾಡೆಂದು ಒಪ್ಪಲಿಕ್ಕಿಲ್ಲ, ಕುರಿ ಕಾಯುವವರಿಗೆ ಇದೇ ಅಡವಿ.

ಗಜೇಂದ್ರಗಡ ಘೋರ್ಪಡೆ ಮನೆತನದ ಕೋಟೆ. 1786ರಲ್ಲಿ ಮರಾಠರು ಇದನ್ನು ಟಿಪ್ಪುವಿನ ಸೈನ್ಯದಿಂದ ಗೆದ್ದರು. ಮರುವರ್ಷದ ಒಪ್ಪಂದಕ್ಕೂ ಈ ಊರಿನದೇ ಹೆಸರು. 1818ರಲ್ಲಿ ಮರಾಠರ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಪಡುವಣ ಭಾಗ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತು. ಮೂಡಣದ ಯಲಬುರ್ಗಾ, ಕುಷ್ಟಗಿಗಳು ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲೇ ಉಳಿದವು. ಎರಡು ಕಡೆಯೂ ಕನ್ನಡವೇ. ನಾಣ್ಯ, ಕಚೇರಿಯ ಭಾಷೆ, ಸುಂಕ ಬೇರೆ. ಸರಕು ದಾಟಬೇಕಾದರೆ ನಿಜಾಮನ ಕರೋಡಗಿರಿ ನಾಕಾದಲ್ಲಿ ಸುಂಕ ತೆರಬೇಕಿತ್ತು.

1947ರ ಆಗಸ್ಟ್ 15ರಂದು ಎರಡು ಕಡೆಗಳ ನಡುವಿನ ಈ ಗೆರೆ ದೇಶದ ಗಡಿಯೇ ಆಯಿತೆನ್ನಬೇಕು. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ನಿಜಾಮನ ಪರವಾದ ಖಾಸಗಿ ಪಡೆಯಾದ ರಜಾಕಾರರ ಹಾವಳಿಗೆ ಹೆದರಿದ ಕುಟುಂಬಗಳು ಗಡಿ ದಾಟಿ ಪಡುವಣಕ್ಕೆ ಬಂದವು. ಸಂಸ್ಥಾನ ಭಾರತಕ್ಕೆ ಸೇರಬೇಕೆಂಬ ಹೋರಾಟಗಾರರು ಗಡಿಯುದ್ದಕ್ಕೂ ಶಿಬಿರ ಹೂಡಿದರು. ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ, ಮುಂಡರಗಿ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿ ಮುಂದಾಳು. ಶಿಬಿರಗಳವರು ನಿಜಾಮನ ನಾಕಾ, ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಸಿ ಮತ್ತೆ ಈಚೆಗೆ ಬಂದು ಸೇರುತ್ತಿದ್ದರು. ಆಚೆಯ ಸಿಪಾಯಿ ಇಲ್ಲಿ ಕಾಲಿಟ್ಟರೆ ಅದು ಭಾರತದ ಮೇಲಿನ ಅತಿಕ್ರಮಣ; ಶಿಬಿರಗಳ ಬಲ ಇದ್ದದ್ದು ಅಲ್ಲೇ. ಸಂಸ್ಥಾನದ ಒಳಗೆ ಅದೇ ಕಾಲಕ್ಕೆ ನಿಜಾಮನ ಅಬಕಾರಿ ಆದಾಯ ಮುರಿಯಲು ಸಿಂದಿ ಮರಗಳನ್ನು ಕಡಿದುರುಳಿಸುವ ಚಳವಳಿ ನಡೆದಿತ್ತು.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನದೊಳಗೆ ನುಗ್ಗಿತು, 17ಕ್ಕೆ ನಿಜಾಮ ಶರಣಾದ. 1956ರ ನವೆಂಬರ್ 1ರಿಂದ ಎರಡೂ ಕಡೆ ಒಂದೇ ರಾಜ್ಯ. ಗಡಿ ಮೊದಲು ಧಾರವಾಡ–ರಾಯಚೂರು ಜಿಲ್ಲೆಗಳದ್ದಾಯಿತು, ಆಮೇಲೆ ಗದಗ–ಕೊಪ್ಪಳಗಳದ್ದು.

ಗುಡ್ಡದ ನೆತ್ತಿಯಲ್ಲಿ ಈಗ ಗಾಳಿ ವಿದ್ಯುತ್ ಯಂತ್ರಗಳು ತಿರುಗುತ್ತವೆ. ಗಡಿ ಪೂರ್ತಿ ಅಳಿದಿಲ್ಲ: ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕೊಪ್ಪಳ ಜಿಲ್ಲೆಗೆ ಸಿಗುತ್ತದೆ, ಹೋರಾಟಗಾರರಿಗೆ ನೆಲೆ ಕೊಟ್ಟ ಗಜೇಂದ್ರಗಡಕ್ಕೆ ಇಲ್ಲ.